ಶುಭಾಶಯ ಪತ್ರ: ಕಾಗದವೂ ಮಡಿಕೆಯೂ

ಹಬ್ಬ ಹುಣ್ಣಿಮೆಗಳಲ್ಲಿ ಬಂಧುಮಿತ್ರರಿಗೆ ಶುಭ ಕೋರುವುದು ನಮ್ಮಲ್ಲಿ ಹಿಂದಿನಿಂದಲೂ ನಡೆದುಬಂದ ವಾಡಿಕೆ. ಯುಗಾದಿಗೆ ಬೇವು ಬೆಲ್ಲ, ದಸರೆಗೆ ಬನ್ನಿ, ಸಂಕ್ರಾಂತಿಗೆ ಎಳ್ಳು ಬೆಲ್ಲ, ಇವೆಲ್ಲ ಕೈಯಿಂದ ಕೈಗೆ ಕೊಡುವ ಶುಭಾಶಯಗಳೇ. ದೂರವಿದ್ದವರಿಗೆ ಕೈಯಾರೆ ಕೊಡುವುದು ಆಗದ ಮಾತಾದುದರಿಂದ ಅಂಚೆಯ ಮೂಲಕ ಪತ್ರ ಕಳಿಸುವ ರೂಢಿ ಬಂದಿತು. ಉತ್ತರ ಕರ್ನಾಟಕದಲ್ಲಿ ಸಂಕ್ರಾಂತಿಯ ಪತ್ರದೊಳಗೆ ಒಂದು ಚಿಟಿಕೆ ಕುಸುರೆಳ್ಳನ್ನೂ ಇಟ್ಟು ಕಳಿಸುತ್ತಿದ್ದುದನ್ನು ಹಿರಿಯರು ಇಂದಿಗೂ ನೆನೆಯುತ್ತಾರೆ. ಈಗಲಾದರೋ ಮೊಬೈಲಿನ ಮೇಲೆ ಒಮ್ಮೆ ಬೆರಳಾಡಿಸಿದರೆ ಒಂದೇ ಚಿತ್ರ ನೂರು ಮಂದಿಗೆ ಹೋಗಿ ಮುಟ್ಟುತ್ತದೆ. ಅದನ್ನು ನಾನು ಹಳಿಯಲಾರೆ. ನಾನೂ ಹಾಗೆ ಕಳಿಸುವವನೇ. ಆದರೆ ಕೈಯಲ್ಲಿ ಹಿಡಿದು, ತಿರುವಿ ನೋಡಿ, ಪೆಟ್ಟಿಗೆಯಲ್ಲಿ ತೆಗೆದಿಡಬಹುದಾದ ಶುಭಾಶಯದ ಬೆಲೆ ಬೇರೆ. ಅಂಥದನ್ನು ನಾವೇ ತಯಾರಿಸುವುದು ಹೇಗೆ ಎಂಬುದನ್ನು ಸಹಪಾಠಿಗಳ ಮುಂದಿಡುವುದೇ ಈ ಲೇಖನದ ಉದ್ದೇಶ.

ಇದಕ್ಕೆ ಚಿತ್ರ ಬರೆಯಲು ಬರಬೇಕೆಂದೇನೂ ಇಲ್ಲ. ನನಗೆ ಬರುವುದಿಲ್ಲ. ಪತ್ರವೊಂದು ಕೈಗೆ ಬಂದಾಗ ಮೊದಲು ಮಾತನಾಡುವುದು ಅದರ ಕಾಗದ; ಎರಡನೆಯದಾಗಿ ಮಾತನಾಡುವುದು ಅದರ ಮಡಿಕೆ. ಇವೆರಡೂ ಚೆನ್ನಾಗಿದ್ದರೆ ಚಿತ್ರವಿಲ್ಲದ ಪತ್ರವೂ ಶೋಭಿಸುತ್ತದೆ. ಇವೆರಡೂ ಕೆಟ್ಟರೆ ಎಷ್ಟು ಬಣ್ಣ ಬಳಿದರೂ ಅದು ಕೆಟ್ಟದ್ದೇ.

ತುಸು ಇತಿಹಾಸ

ಇಂಗ್ಲೆಂಡಿನಲ್ಲಿ 1840ರಲ್ಲಿ ಒಂದು ಪೆನ್ನಿಯ ಏಕರೂಪ ಅಂಚೆ ದರ ಜಾರಿಗೆ ಬಂದು ಪತ್ರವ್ಯವಹಾರ ಬಹಳ ಹೆಚ್ಚಿತು. ಆ ಸುಧಾರಣೆಯಲ್ಲಿ ದುಡಿದವರಲ್ಲಿ ಹೆನ್ರಿ ಕೋಲ್ ಎಂಬವರೂ ಒಬ್ಬರು. 1843ರ ಕ್ರಿಸ್ಮಸ್ ಹಬ್ಬಕ್ಕೆ ಎಲ್ಲ ಸ್ನೇಹಿತರಿಗೂ ಕೈಬರಹದ ಪತ್ರ ಬರೆಯಲು ಬಿಡುವಿಲ್ಲದೆ ಅವರು ಜಾನ್ ಕ್ಯಾಲ್ಕಟ್ ಹಾರ್ಸ್ಲಿ ಎಂಬ ಚಿತ್ರಕಾರರಿಂದ ಒಂದು ಚಿತ್ರ ಬರೆಯಿಸಿ ಅಚ್ಚು ಹಾಕಿಸಿದರು. ಮಾರಾಟಕ್ಕೆ ಬಂದ ಮೊದಲ ಕ್ರಿಸ್ಮಸ್ ಶುಭಾಶಯ ಪತ್ರ ಅದೇ. ಬೆಲೆ ಒಂದು ಶಿಲ್ಲಿಂಗ್. ಅಂದಿನ ಬಡವರಿಗೆ ಅದು ನಿಲುಕುವ ಬೆಲೆಯಾಗಿರಲಿಲ್ಲ. ಇಲ್ಲಿ ಗಮನಿಸಬೇಕಾದ ಅಂಶವೆಂದರೆ, ಅಚ್ಚಾದ ಶುಭಾಶಯ ಪತ್ರ ಹುಟ್ಟಿದ್ದೇ ಕಳಿಸುವವರ ಸಮಯ ಉಳಿಸುವುದಕ್ಕಾಗಿ. ಕೈಯಾರೆ ಮಾಡಿದ ಪತ್ರದ ಧರ್ಮ ಇದಕ್ಕೆ ತೀರ ವಿರುದ್ಧ. ಅದು ಕಳಿಸುವವನ ಸಮಯವನ್ನು ಖರ್ಚುಮಾಡಿ ಪಡೆಯುವವನ ಕೈಗೆ ಇಡುತ್ತದೆ.

ಕಾಗದದ ಆಯ್ಕೆ

ಅಂಗಡಿಯಲ್ಲಿ ಕಾಗದದ ದಪ್ಪವನ್ನು ಜಿ.ಎಸ್.ಎಂ. ಎಂಬ ಲೆಕ್ಕದಲ್ಲಿ ಹೇಳುತ್ತಾರೆ. ಒಂದು ಚದರ ಮೀಟರ್ ಕಾಗದ ಎಷ್ಟು ಗ್ರಾಂ ತೂಗುತ್ತದೆ ಎಂಬುದೇ ಅದರ ಅರ್ಥ. ನಾವು ನೆರಳಚ್ಚು ತೆಗೆಸುವ ಎ-4 ಹಾಳೆ ಸಾಮಾನ್ಯವಾಗಿ 70 ಅಥವಾ 80 ಜಿ.ಎಸ್.ಎಂ. ಇರುತ್ತದೆ. ಎ-4 ಹಾಳೆ ಒಂದು ಚದರ ಮೀಟರಿನ ಹದಿನಾರನೆಯ ಒಂದು ಭಾಗವಾದುದರಿಂದ 80 ಜಿ.ಎಸ್.ಎಂ. ಹಾಳೆಯ ತೂಕ ಸರಿಯಾಗಿ 5 ಗ್ರಾಂ. ಇದು ಪತ್ರವಾಗಿ ನಿಲ್ಲಲಾರದು. ನಿಲ್ಲಿಸಿದರೆ ಸೊಂಟ ಬಾಗುತ್ತದೆ. 180ರಿಂದ 250 ಜಿ.ಎಸ್.ಎಂ.ವರೆಗಿನ ಕಾಗದ ನಮ್ಮ ಕೆಲಸಕ್ಕೆ ಯೋಗ್ಯ. 300 ದಾಟಿದರೆ ಮಡಿಕೆ ಒರಟಾಗುತ್ತದೆ. 200 ಜಿ.ಎಸ್.ಎಂ.ನ ಅರ್ಧ ಎ-4 ಹಾಳೆ ಆರೂಕಾಲು ಗ್ರಾಂ ಮಾತ್ರ ತೂಗುವುದರಿಂದ, ಲಕೋಟೆ ಮತ್ತು ಒಂದು ಚಿಟಿಕೆ ಕುಸುರೆಳ್ಳು ಸೇರಿದರೂ ಅಂಚೆಯ ಮೊದಲ ಮಿತಿಯಾದ 20 ಗ್ರಾಮಿನೊಳಗೇ ಉಳಿಯುತ್ತದೆ.

ದಪ್ಪವೊಂದೇ ಸಾಲದು. ವೃತ್ತಪತ್ರಿಕೆಯ ಕಾಗದ ಬಿಸಿಲಿಗೆ ಬೇಗ ಹಳದಿಯಾಗುವುದನ್ನು ಎಲ್ಲರೂ ಕಂಡಿದ್ದೇವೆ. ಮರವನ್ನು ಅರೆದು ಮಾಡಿದ ಆ ಕಾಗದದಲ್ಲಿ ಲಿಗ್ನಿನ್ ಎಂಬ ಪದಾರ್ಥ ಉಳಿದಿರುವುದೇ ಅದಕ್ಕೆ ಕಾರಣ. ಬಹುಕಾಲ ಉಳಿಯಬೇಕಾದ ಪತ್ರಕ್ಕೆ ಲಿಗ್ನಿನ್ ತೆಗೆದ ತಿರುಳಿನ ಕಾಗದ, ಇಲ್ಲವೆ ಹತ್ತಿಯ ಚಿಂದಿಯಿಂದ ಮಾಡಿದ ಕೈಕಾಗದ ಉತ್ತಮ. 1934ರಲ್ಲಿ ಗಾಂಧೀಜಿಯವರ ಪ್ರೇರಣೆಯಿಂದ ಅಖಿಲ ಭಾರತ ಗ್ರಾಮೋದ್ಯೋಗ ಸಂಘ ಸ್ಥಾಪಿತವಾದಾಗ, ಜೆ. ಸಿ. ಕುಮಾರಪ್ಪನವರ ನೇತೃತ್ವದಲ್ಲಿ ಪುನಶ್ಚೇತನ ಪಡೆದ ಕೈಕಸುಬುಗಳಲ್ಲಿ ಕೈಕಾಗದವೂ ಒಂದು. ಖಾದಿ ಭಂಡಾರಗಳಲ್ಲಿ ಅದು ಸಿಗುವುದುಂಟು. ಸಿಗದಿದ್ದರೆ ಚಿತ್ರಕಲೆಯವರು ಬಳಸುವ ದಪ್ಪ ಡ್ರಾಯಿಂಗ್ ಹಾಳೆಯೇ ಸಾಕು. ಕೊಳ್ಳುವ ಮುನ್ನ ಹಾಳೆಯ ಮೂಲೆಯನ್ನು ಬೆರಳುಗಳ ನಡುವೆ ತಿಕ್ಕಿ ನೋಡಿರಿ, ಪುಡಿ ಏಳಬಾರದು. ಬೆಳಕಿಗೆ ಹಿಡಿದು ನೋಡಿರಿ. ಮೋಡ ಕವಿದಂತೆ ಮಚ್ಚೆಮಚ್ಚೆ ಕಾಣಬಾರದು. ಮನೆಗೆ ತಂದ ಮೇಲೆ ಒಂದು ತುಂಡಿನ ಮೇಲೆ ಶಾಯಿಯ ಗೆರೆ ಎಳೆಯಿರಿ. ಅದು ಹರಡಿದರೆ ಬರಹಕ್ಕೆ ಆ ಕಾಗದ ಬೇಡ.

ಕಾಗದದ ಹಾಸು

ಇನ್ನು ಮುಖ್ಯ ವಿಷಯಕ್ಕೆ ಬರೋಣ. ಒಂದೇ ಹಾಳೆಯಿಂದ ಎರಡು ಚೌಕ ತುಂಡುಗಳನ್ನು ಕತ್ತರಿಸಿ, ಒಂದನ್ನು ಉದ್ದಕ್ಕೂ ಇನ್ನೊಂದನ್ನು ಅಡ್ಡಕ್ಕೂ ಮಡಚಿರಿ. ಒಂದರ ಮಡಿಕೆ ದಾರ ಹಿಡಿದಂತೆ ನೇರವಾಗಿ ಬರುತ್ತದೆ. ಇನ್ನೊಂದರದು ಬಿರಿದು, ನಾರು ಎದ್ದು, ಹಲ್ಲುಹಲ್ಲಾಗಿ ಕಾಣುತ್ತದೆ. ಕಾಗದ ಒಂದೇ, ಕೈ ಒಂದೇ. ಹಾಗಾದರೆ ಈ ವ್ಯತ್ಯಾಸವೇಕೆ?

ಈ ಪ್ರಶ್ನೆಗೆ ಅರ್ಧ ಉತ್ತರ ನನಗೆ ಗ್ರಂಥಾಲಯದಲ್ಲಿ ದೊರೆಯಿತು, ಅರ್ಧ ನಮ್ಮ ಮನೆಯಲ್ಲಿ. ನಮ್ಮ ತಂದೆ ಬಾಗಲಕೋಟೆ ಜಿಲ್ಲೆಯ ಒಂದು ಊರಿನಲ್ಲಿ ಕೈಮಗ್ಗದ ಮೇಲೆ ಕುಬಸದ ಖಣ ನೇಯುವವರು. ಅವರೂ ಅವ್ವನೂ ಶಾಲೆ ಕಂಡವರಲ್ಲ. ದಸರೆಯ ರಜೆಯಲ್ಲಿ ಊರಿಗೆ ಹೋಗುವಾಗ ಪುಸ್ತಕ ಕಟ್ಟುವ ಕಲೆಯ ಮೇಲಿನ ಒಂದು ಗ್ರಂಥವನ್ನೂ ನಾಲ್ಕು ಡ್ರಾಯಿಂಗ್ ಹಾಳೆಗಳನ್ನೂ ಒಯ್ದಿದ್ದೆ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆಂದೂ, ಅದನ್ನು ಕಂಡುಹಿಡಿಯಲು ಇಂತಿಂಥ ಪರೀಕ್ಷೆ ಮಾಡಬೇಕೆಂದೂ ಪುಸ್ತಕದಲ್ಲಿದ್ದುದನ್ನು ಕನ್ನಡದಲ್ಲಿ ಅಪ್ಪನಿಗೆ ಓದಿ ಹೇಳಿದೆ. ಅವರು ಮಗ್ಗದಿಂದೆದ್ದು ಬಂದು ಒಂದು ಹಾಳೆಯನ್ನು ಕೈಗೆತ್ತಿಕೊಂಡು ಎರಡೂ ಕಡೆಗೆ ಒಮ್ಮೊಮ್ಮೆ ಬಾಗಿಸಿ, “ಇದು ಹಾಸು, ಇದು ಹೊಕ್ಕು. ಇಷ್ಟಕ್ಕ ಪುಸ್ತಕ ಬೇಕೇನು ತಮ್ಮಾ?” ಎಂದರು. ನೀರು ಹಚ್ಚಿ ನೋಡಿದೆವು. ಅವರು ಹೇಳಿದ್ದೇ ಸರಿಯಾಗಿತ್ತು. ಆಮೇಲೆ ಅವರೇ ಕೇಳಿದರು: “ಖರೆ, ಕಾಗದಾ ಯಾರೂ ನೇಯೂದಿಲ್ಲ. ಇದಕ್ಕ ಹಾಸು ಎಲ್ಲಿಂದ ಬಂತು?”

ಉತ್ತರ ಪುಸ್ತಕದಲ್ಲಿತ್ತು. ಕಾಗದದ ಯಂತ್ರದಲ್ಲಿ ನೀರಿನೊಡನೆ ಬೆರೆತ ತಿರುಳನ್ನು ಓಡುತ್ತಿರುವ ಜಾಲರಿಯ ಮೇಲೆ ಹರಿಯಬಿಡುತ್ತಾರೆ. ಫ್ರಾನ್ಸಿನ ಲೂಯಿ ನಿಕೊಲಾ ರಾಬೆರ್ 1799ರಲ್ಲಿ ಹಕ್ಕುಪತ್ರ ಪಡೆದ ಯಂತ್ರದಿಂದ ಮೊದಲಾಗಿ, 1936ರಲ್ಲಿ ಭದ್ರಾವತಿಯಲ್ಲಿ ಸ್ಥಾಪಿತವಾಗಿ ಈಗ ಕೆಲಸ ನಿಲ್ಲಿಸಿರುವ ಮೈಸೂರು ಕಾಗದ ಕಾರ್ಖಾನೆಯವರೆಗೆ, 1955ರಲ್ಲಿ ಸ್ಥಾಪನೆಯಾದ ದಾಂಡೇಲಿಯ ಕಾರ್ಖಾನೆಯವರೆಗೆ ತತ್ತ್ವ ಇದೇ. ಹೊಳೆಯಲ್ಲಿ ತೇಲುವ ಕಡ್ಡಿಗಳು ನೀರಿನ ಓಟಕ್ಕೆ ತಿರುಗುವಂತೆ, ಬಹುಪಾಲು ನಾರುಗಳು ಜಾಲರಿ ಓಡುವ ದಿಕ್ಕಿಗೆ ಮಲಗುತ್ತವೆ. ನೀರು ಬಸಿದು ಒಣಗಿದ ಮೇಲೆ ಹಾಗೆಯೇ ಉಳಿಯುತ್ತವೆ. ಆ ದಿಕ್ಕಿನ ಗುಂಟ ಮಡಚಿದರೆ ಮಡಿಕೆ ನಾರುಗಳ ನಡುವೆ ಸಾಗುತ್ತದೆ. ಅಡ್ಡಕ್ಕೆ ಮಡಚಿದರೆ ಪ್ರತಿಯೊಂದು ನಾರೂ ಮುರಿಯಬೇಕಾಗುತ್ತದೆ. ಇದನ್ನು ಕೇಳಿ ಅಪ್ಪ ಬಹಳ ಹೊತ್ತು ಹಾಳೆಯನ್ನು ನೋಡುತ್ತ ಕುಳಿತಿದ್ದರು. ಕಾಗದದಲ್ಲಿ ನಿಜವಾದ ಹೊಕ್ಕು ಇಲ್ಲವಾದರೂ, ನಾರಿನ ದಿಕ್ಕನ್ನು ಈ ಲೇಖನದಲ್ಲಿ ‘ಹಾಸು’ ಎಂದೇ ಕರೆಯುತ್ತೇನೆ. ಮಗ್ಗದ ಮೇಲೆ ಉದ್ದಕ್ಕೆ ಬಿಗಿದ ಎಳೆಗೆ ನೇಕಾರರು ಇಟ್ಟ ಆ ಹೆಸರಿಗಿಂತ ಒಳ್ಳೆಯ ಮಾತು ನನಗೆ ಸಿಕ್ಕಿಲ್ಲ.

ಹಾಸನ್ನು ತಿಳಿಯಲು ಮೂರು ಪರೀಕ್ಷೆಗಳಿವೆ. ಮೊದಲನೆಯದು ಬಾಗಿಸುವುದು: ಹಾಳೆಯ ಎದುರುಬದುರು ಅಂಚುಗಳನ್ನು ಒಂದರ ಮೇಲೊಂದು ತಂದು, ಮಡಚದೆ, ಬಾಗಿದ ಭಾಗವನ್ನು ಅಂಗೈಯಿಂದ ಮೆಲ್ಲಗೆ ಒತ್ತಿರಿ. ಉಳಿದೆರಡು ಅಂಚುಗಳನ್ನೂ ಹಾಗೆಯೇ ತಂದು ಒತ್ತಿರಿ. ಯಾವ ಸಲ ಹಾಳೆ ಕಡಿಮೆ ಸೆಡೆಯುವುದೋ ಆ ಬಾಗಿನ ಗುಂಟ ಹಾಸು ಇದೆ. ಎರಡನೆಯದು ಹರಿಯುವುದು: ಹಾಸಿನ ಗುಂಟ ಹರಿದರೆ ಹರಕು ಹೆಚ್ಚುಕಡಿಮೆ ನೇರ ಹೋಗುತ್ತದೆ, ಅಡ್ಡ ಹರಿದರೆ ಸೊಟ್ಟಗೆ ತಿರುಗುತ್ತದೆ. ಮೂರನೆಯದು ನೀರು: ಚಿಕ್ಕದೊಂದು ಚೌಕದ ಒಂದು ಮೈಗೆ ನೀರು ಸವರಿದರೆ ಅದು ಸುರುಳಿಯಾಗುತ್ತದೆ; ಆ ಸುರುಳಿಯ ಕೊಳವೆ ಹಾಸಿನ ದಿಕ್ಕಿಗೇ ಇರುತ್ತದೆ. ಒದ್ದೆಯಾದ ನಾರು ಉದ್ದದಲ್ಲಿ ಹಿಗ್ಗುವುದಕ್ಕಿಂತ ಅಗಲದಲ್ಲಿ ಹೆಚ್ಚು ಹಿಗ್ಗುವುದೇ ಇದಕ್ಕೆ ಕಾರಣ. ಕೈಕಾಗದದಲ್ಲಿ ಮಾತ್ರ ಹಾಸು ಸ್ಪಷ್ಟವಾಗಿರುವುದಿಲ್ಲ. ತಿರುಳೆತ್ತುವವರು ಅಚ್ಚನ್ನು ಎರಡೂ ಕಡೆಗೆ ಅಲುಗಿಸುವುದರಿಂದ ನಾರುಗಳು ಎಲ್ಲ ದಿಕ್ಕಿಗೂ ಹೆಣೆದುಕೊಂಡಿರುತ್ತವೆ.

ಅಳತೆ ಮತ್ತು ಕತ್ತರಿಕೆ

ಎ-4 ಹಾಳೆ 210 ಮಿಲಿಮೀಟರ್ ಅಗಲ, 297 ಮಿಲಿಮೀಟರ್ ಉದ್ದ. ಇದು 1922ರಲ್ಲಿ ಜರ್ಮನಿಯಲ್ಲಿ ನಿಗದಿಯಾದ ಅಳತೆ. 1975ರಲ್ಲಿ ಅಂತರರಾಷ್ಟ್ರೀಯ ಮಾನವಾಯಿತು. ಇದರ ಅಗಲಕ್ಕೂ ಉದ್ದಕ್ಕೂ ಇರುವ ಪ್ರಮಾಣ 1ಕ್ಕೆ 1.414. ಈ ಪ್ರಮಾಣದ ಗುಣವೇನೆಂದರೆ, ಹಾಳೆಯನ್ನು ಉದ್ದದಲ್ಲಿ ಅರ್ಧ ಮಾಡಿದರೂ ಆಕಾರ ಬದಲಾಗುವುದಿಲ್ಲ. ಆದುದರಿಂದ ಎ-4ನ್ನು ಮಡಚಿದರೂ, ಅದರ ಅರ್ಧವನ್ನು ಮಡಚಿದರೂ ಒಂದೇ ಚೆಲುವಿನ ಪತ್ರ ಸಿಗುತ್ತದೆ.

ಆದರೆ ಹಾಸಿನ ದೃಷ್ಟಿಯಿಂದ ಇವೆರಡೂ ಒಂದೇ ಅಲ್ಲ. ಎ-4 ಹಾಳೆಯಲ್ಲಿ ಸಾಮಾನ್ಯವಾಗಿ ಹಾಸು ಉದ್ದಕ್ಕೆ ಇರುತ್ತದೆ. ಇಡೀ ಹಾಳೆಯನ್ನು ನಡುವೆ ಮಡಚಿದರೆ ಮಡಿಕೆ ಹಾಸಿಗೆ ಅಡ್ಡ ಬೀಳುತ್ತದೆ. ಅದೇ ಹಾಳೆಯನ್ನು ನಡುವೆ ಕತ್ತರಿಸಿ, ಒಂದೊಂದು ಅರ್ಧವನ್ನೂ ಮಡಚಿದರೆ ಮಡಿಕೆ ಹಾಸಿನ ಗುಂಟ ಬರುತ್ತದೆ. ಒಂದು ದೊಡ್ಡ ಪತ್ರದ ಬದಲು ಎರಡು ಸಣ್ಣವು, ಎರಡರದೂ ನೇರ ಮಡಿಕೆ. 114ಕ್ಕೆ 162 ಮಿಲಿಮೀಟರಿನ ಲಕೋಟೆಯಲ್ಲಿ ಇವು ಸರಿಯಾಗಿ ಕೂಡುತ್ತವೆ.

ಡ್ರಾಯಿಂಗ್ ಹಾಳೆಯ ಲೆಕ್ಕ ಇನ್ನೂ ಸ್ವಾರಸ್ಯವಾಗಿದೆ. ಪೂರ್ಣ ಹಾಳೆ 22 ಅಂಗುಲ ಅಗಲ, 30 ಅಂಗುಲ ಉದ್ದ. ಅದನ್ನು ಎರಡೂ ಕಡೆಗೆ ನಾಲ್ಕು ನಾಲ್ಕು ಭಾಗ ಮಾಡಿದರೆ ಐದೂವರೆ ಅಂಗುಲ ಅಗಲ, ಏಳೂವರೆ ಅಂಗುಲ ಉದ್ದದ ಹದಿನಾರು ತುಂಡುಗಳು ದೊರೆಯುತ್ತವೆ. ಕಾಗದದ ಚೂರೂ ವ್ಯರ್ಥವಾಗುವುದಿಲ್ಲ. ಆದರೆ ಹಾಸು 30 ಅಂಗುಲದ ಕಡೆಗೆ ಇದ್ದರೆ ಹದಿನಾರೂ ಪತ್ರಗಳ ಮಡಿಕೆ ಅಡ್ಡ ಬೀಳುತ್ತದೆ. ಅದರ ಬದಲು 22 ಅಂಗುಲವನ್ನು ಮೂರು ಭಾಗ ಮಾಡಿ, 30 ಅಂಗುಲದಲ್ಲಿ ಐದೂವರೆ ಅಂಗುಲದ ಐದು ಭಾಗ ತೆಗೆದರೆ ಹದಿನೈದು ತುಂಡುಗಳಾಗುತ್ತವೆ. ಎಲ್ಲದರ ಮಡಿಕೆಯೂ ಹಾಸಿನ ಗುಂಟ ಬರುತ್ತದೆ. ಎರಡೂವರೆ ಅಂಗುಲದ ಒಂದು ಪಟ್ಟಿ ಉಳಿಯುತ್ತದೆ. ಅದು ಶಾಯಿಯ ಪರೀಕ್ಷೆಗೂ ಪುಸ್ತಕದಲ್ಲಿಡುವ ಗುರುತಿಗೂ ಆದೀತು. ಒಂದು ಪತ್ರ ಕಡಿಮೆಯಾದರೂ ಈ ಎರಡನೆಯ ಲೆಕ್ಕವೇ ನನಗೆ ಮೆಚ್ಚುಗೆ. ನೇಕಾರರ ಮನೆಯಲ್ಲಿ ಅರಿವೆಯನ್ನು ಉಳಿಸಲೆಂದು ಎಳೆ ತಪ್ಪಿಸಿ ಕತ್ತರಿಸುವುದಿಲ್ಲ.

ಕತ್ತರಿಸಲು ಹೊಸ ಬ್ಲೇಡು ಹಾಕಿದ ಚಾಕು, ಉಕ್ಕಿನ ಅಳತೆಪಟ್ಟಿ, ಕೆಳಗೆ ದಪ್ಪ ರಟ್ಟು ಬೇಕು. ಕತ್ತರಿಯಿಂದ ಇಷ್ಟು ನೇರ ಬರುವುದಿಲ್ಲ. ಒಂದೇ ಸಲ ಬಲವಾಗಿ ಎಳೆಯುವುದಕ್ಕಿಂತ ಹಗುರವಾಗಿ ಮೂರು ಸಲ ಎಳೆಯುವುದು ಲೇಸು. ಅಳತೆಪಟ್ಟಿ ಹಿಡಿದ ಬೆರಳುಗಳು ಅಂಚಿನಿಂದ ಹಿಂದಿರಲಿ. ಕತ್ತರಿಸಿದ ತುಂಡಿನ ಎರಡೂ ಕರ್ಣಗಳನ್ನು ಅಳೆಯಿರಿ. ಅವು ಸಮನಾಗಿದ್ದರೆ ಮೂಲೆಗಳು ಸರಿಯಾಗಿವೆ ಎಂದಾಯಿತು.

ಮಡಿಕೆ

ದಪ್ಪ ಕಾಗದವನ್ನು ನೇರವಾಗಿ ಮಡಚಬಾರದು. ಮೊದಲು ಅದಕ್ಕೆ ದಾರಿ ತೋರಿಸಬೇಕು. ಪತ್ರದ ಹೊರಮೈ ಮೇಲೆ ಬರುವಂತೆ ಹಾಳೆಯನ್ನು ನಾಲ್ಕೈದು ವೃತ್ತಪತ್ರಿಕೆಗಳ ಮೇಲೆ ಇಡಿರಿ. ಮೇಲಂಚು ಕೆಳಅಂಚುಗಳಲ್ಲಿ ನಡುಬಿಂದುವನ್ನು ಪೆನ್ಸಿಲಿನಿಂದ ಅತಿ ಸಣ್ಣದಾಗಿ ಗುರುತಿಸಿ, ಅಳತೆಪಟ್ಟಿ ಹಿಡಿದು, ಶಾಯಿ ತೀರಿದ ಬಾಲ್‌ಪೆನ್ನಿನಿಂದ ಒತ್ತಿ ಒಂದು ಗೆರೆ ಎಳೆಯಿರಿ. ಕಾಗದ ಕೊಯ್ಯಬಾರದು, ತಗ್ಗು ಮಾತ್ರ ಬೀಳಬೇಕು. ಆ ತಗ್ಗು ಹೊರಗಡೆಗೇ ಉಳಿಯುವಂತೆ, ಅಂದರೆ ಗೆರೆ ಎಳೆದ ಮೈಯಿಂದ ಹಿಂದಕ್ಕೆ ಮಡಚಬೇಕು. ತಗ್ಗಿನ ಕಡೆಗೇ ಮಡಚಬೇಕೆಂದು ಅನೇಕರಿಗೆ ತೋರುವುದು ಸಹಜ. ಆದರೆ ಗೆರೆ ಒತ್ತಿದಾಗ ಹಿಂಬದಿಯಲ್ಲಿ ಉಬ್ಬಿದ ಕಾಗದಕ್ಕೆ ಮಡಿಕೆಯ ಒಳಗೆ ಸ್ಥಳ ಸಿಕ್ಕಾಗಲೇ ಹೊರಮೈ ಎಳೆದು ಬಿರಿಯುವುದು ತಪ್ಪುತ್ತದೆ.

ಮಡಚುವಾಗ ಕಣ್ಣು ಮಡಿಕೆಯ ಮೇಲಿರಬಾರದು, ಎದುರಿನ ಅಂಚುಗಳ ಮೇಲಿರಬೇಕು. ಮೂಲೆಗೆ ಮೂಲೆ ಕೂಡಿಸಿ ಒಂದು ಕೈಯಿಂದ ಹಿಡಿದು, ಇನ್ನೊಂದು ಕೈಯಿಂದ ಮಡಿಕೆಯ ನಡುವಿನಿಂದ ಎರಡೂ ತುದಿಗಳ ಕಡೆಗೆ ಒತ್ತುತ್ತ ಹೋಗಬೇಕು. ಅದರ ಮೇಲೆ ಬೇರೊಂದು ತೆಳು ಕಾಗದ ಇಟ್ಟು ಚಮಚದ ಬೆನ್ನಿನಿಂದ ಉಜ್ಜಿರಿ. ನೇರವಾಗಿ ಉಜ್ಜಿದರೆ ಕಾಗದಕ್ಕೆ ಹೊಳಪಿನ ಕಲೆ ಬೀಳುತ್ತದೆ. ಕೊನೆಗೆ ಭಾರವಾದ ಪುಸ್ತಕಗಳ ಕೆಳಗೆ ಒಂದು ರಾತ್ರಿ ಇಡಿರಿ. ನಮ್ಮ ಪಠ್ಯಪುಸ್ತಕಗಳು ಈ ಕಾರ್ಯಕ್ಕೆ ಬಹಳ ಅನುಕೂಲ.

ಈ ಜಾಣ್ಮೆ ನಮ್ಮ ಮನೆಗಳಿಗೆ ಹೊಸದೇನಲ್ಲ. ಉಡಿ ತುಂಬುವಾಗ ಖಣವನ್ನು ತ್ರಿಕೋನವಾಗಿ ಮಡಿಸಿ ಇಡುವ ಪದ್ಧತಿಯನ್ನು ನೋಡಿರಿ. ಅವ್ವ ಅಳತೆಪಟ್ಟಿ ಹಿಡಿಯುವುದಿಲ್ಲ. ಅಂಚಿಗೆ ಅಂಚು ಕೂಡಿಸಿ, ಅಂಗೈಯಿಂದ ಒಮ್ಮೆ ಸವರಿದರೆ ಮೂರು ಮೂಲೆಗಳೂ ಸರಿಯಾಗಿ ನಿಲ್ಲುತ್ತವೆ. ನಾವು ಕಾಲೇಜಿಗೆ ಬಂದು ಕಲಿಯುವ ರೇಖಾಗಣಿತವನ್ನು ಅವರ ಕೈ ಎಷ್ಟೋ ವರ್ಷಗಳಿಂದ ಮಾಡುತ್ತ ಬಂದಿದೆ.

ಅಲಂಕಾರ ಮತ್ತು ಬರಹ

ಅಲಂಕಾರ ಮಿತವಾಗಿರಲಿ. ಮಗ್ಗದಲ್ಲಿ ಉಳಿದ ಖಣದ ಒಂದು ಸಣ್ಣ ತುಂಡನ್ನು ಮುಖದ ಮೇಲೆ ಅಂಟಿಸುವುದು ನನ್ನ ಪದ್ಧತಿ. ಒಣಗಿದ ಬೇವಿನ ಎಲೆ, ಹಳೆಯ ಲಗ್ನಪತ್ರಿಕೆಯ ಬಣ್ಣದ ತುಣುಕು, ಏನಾದರೂ ಆದೀತು. ಅಂಟು ಗಟ್ಟಿಯಾಗಿರಬೇಕು. ನೀರು ಹೆಚ್ಚಾದ ಮೈದಾ ಅಂಟು ಕಾಗದವನ್ನು ಹಿಗ್ಗಿಸಿ, ಒಣಗುವಾಗ ಸೊಟ್ಟಗೆ ಎಳೆಯುತ್ತದೆ. ಒಳಗೆ ಬೇರೊಂದು ತೆಳು ಹಾಳೆ ಸೇರಿಸುವುದಾದರೆ ಎರಡರ ಹಾಸೂ ಒಂದೇ ದಿಕ್ಕಿಗಿರಲಿ, ಒಳಹಾಳೆ ಸುತ್ತಲೂ ಎರಡು ಮಿಲಿಮೀಟರ್ ಚಿಕ್ಕದಿರಲಿ, ಮತ್ತು ಮಡಿಕೆಯ ಬದಿಗೆ ಒಂದೇ ಸಣ್ಣ ಗೆರೆಯಷ್ಟು ಅಂಟು ಹಚ್ಚಿರಿ. ಕುಸುರೆಳ್ಳು ಇಡುವವರು ಅದನ್ನು ತೆಳುವಾದ ಬೆಣ್ಣೆಕಾಗದದ ಪೊಟ್ಟಣದಲ್ಲಿ ಹರಡಿ ಇಡುವುದು ಒಳ್ಳೆಯದು. ಗುಡ್ಡೆಯಾದರೆ ಅಂಚೆಯ ಮುದ್ರೆ ಬೀಳುವಾಗ ಪುಡಿಯಾದೀತು.

ಬರಹದ ವಿಷಯದಲ್ಲಿ ಹೆಚ್ಚು ಹೇಳಲಾರೆ. ಅಚ್ಚಾದ ಪತ್ರಗಳಲ್ಲಿ ಎಲ್ಲರಿಗೂ ಸಲ್ಲುವ ಮಾತಿರುತ್ತದೆ. ನಮ್ಮ ಪತ್ರದಲ್ಲಿ ಒಬ್ಬರಿಗೇ ಸಲ್ಲುವ ಮಾತಿರಲಿ. ಎರಡು ಸಾಲು ಸಾಕು. ಮೊದಲು ಬೇರೆ ಕಾಗದದ ಮೇಲೆ ಬರೆದು ನೋಡಿ, ಆಮೇಲೆ ಶಾಯಿಯಿಂದ ಬರೆಯಿರಿ.

ಓದಲು ಬಾರದವರಿಗೆ ಕಳಿಸುವ ಪತ್ರದ ಮಾತೇನು? ನಮ್ಮಂತೆ ಮನೆಯಲ್ಲಿ ಮೊದಲಿಗರಾಗಿ ಕಾಲೇಜು ಮೆಟ್ಟಿಲೇರಿದವರಿಗೆ ಇದು ಚಿಕ್ಕ ಪ್ರಶ್ನೆಯಲ್ಲ. ನಾವು ಬರೆಯಲು ಕಲಿತಿದ್ದು ಯಾರ ದುಡಿಮೆಯಿಂದಲೋ ಅವರಿಗೇ ನಮ್ಮ ಬರಹ ತಲುಪುವುದಿಲ್ಲ. ಕಳೆದ ಸಂಕ್ರಾಂತಿಗೆ ನಾನು ಊರಿಗೆ ಹೋಗಲಾಗಲಿಲ್ಲ. ಒಂದು ಪತ್ರ ಮಾಡಿ ಅಂಚೆಗೆ ಹಾಕಿದೆ. ಅಪ್ಪ ಅದನ್ನು ತಂಗಿಯ ಕೈಯಲ್ಲಿ ಓದಿಸುವ ಮೊದಲೇ ತೆರೆದು, ಮುಚ್ಚಿ, ಬೆನ್ನಿನ ಗುಂಟ ಹೆಬ್ಬೆರಳು ಎಳೆದು, “ಹಾಸು ಹಿಡಿದು ಮಡಚ್ಯಾನ” ಎಂದರೆಂದು ಅವಳು ಫೋನಿನಲ್ಲಿ ತಿಳಿಸಿದಳು. ಒಳಗಿನ ಎರಡು ಸಾಲುಗಳಲ್ಲಿ ನಾನು ಏನು ಹೇಳಬೇಕೆಂದಿದ್ದೆನೋ ಅದು ಆ ಮಡಿಕೆಯಿಂದಲೇ ಅವರಿಗೆ ತಿಳಿದಿತ್ತು.

ಓದಿದವರಾದ ಮೇಲೆ ಕೈಕೆಲಸ ನಮ್ಮದಲ್ಲ ಎಂಬ ಸಂಕೋಚ ನಮ್ಮಲ್ಲಿ ಕೆಲವರಿಗೆ ಬರುವುದುಂಟು. ಕೆಲವರು ಮನೆಯ ಕಸುಬಿನ ಹೆಸರು ಹೇಳಲೂ ಹಿಂಜರಿಯುತ್ತಾರೆ. ಒಂದು ಹಾಳೆ ಕಾಗದ ಈ ಸಂಕೋಚವನ್ನು ಕಳೆಯಬಲ್ಲದು ಎಂದು ನನ್ನ ನಂಬಿಕೆ. ನಾರು ಏಕೆ ಒಂದೇ ದಿಕ್ಕಿಗೆ ಮಲಗುತ್ತದೆ ಎಂಬುದನ್ನು ಪುಸ್ತಕ ಹೇಳಿತು. ಎತ್ತ ಮಲಗಿದೆ ಎಂಬುದನ್ನು ಮಗ್ಗ ಹಿಡಿದ ಕೈ ಹೇಳಿತು. ಪತ್ರ ಮಾಡುವವನಿಗೆ ಎರಡೂ ಬೇಕು.

ಒಂದು ಪತ್ರಕ್ಕೆ ನನಗೆ ಸುಮಾರು ಅರ್ಧ ಗಂಟೆ ಹಿಡಿಯುತ್ತದೆ. ಪರೀಕ್ಷೆಯ ಓದಿನ ನಡುವೆಯೂ ಅಷ್ಟು ಬಿಡುವು ಯಾರಿಗಾದರೂ ಸಿಕ್ಕೀತು. ಬರುವ ಸಂಕ್ರಾಂತಿಗೆ ಪ್ರತಿಯೊಬ್ಬರೂ ಒಂದೊಂದೇ ಪತ್ರ ಮಾಡಿ ನೋಡಬೇಕೆಂದು ಸಹಪಾಠಿಗಳಲ್ಲಿ ನನ್ನ ವಿನಂತಿ. ಕಾಗದ ಒಳ್ಳೆಯದಿರಲಿ, ಹಾಸು ನೋಡಿ ಕತ್ತರಿಸಿರಿ, ಗೆರೆ ಒತ್ತಿ ಮಡಚಿರಿ. ಮನೆಯಲ್ಲಿ ಬಡಿಗರೋ, ಚಮ್ಮಾರರೋ, ಸಿಂಪಿಗರೋ, ಬುಟ್ಟಿ ಹೆಣೆಯುವವರೋ ಇದ್ದರೆ, ಅಂಚೆಗೆ ಹಾಕುವ ಮುನ್ನ ಅದನ್ನು ಒಮ್ಮೆ ಅವರ ಕೈಗೆ ಕೊಟ್ಟು ನೋಡಿರಿ. ತಿದ್ದಬೇಕಾದುದೇನಾದರೂ ಇದ್ದರೆ ಅವರು ತಪ್ಪದೆ ಹೇಳುತ್ತಾರೆ.